ಊರ ಹತ್ತಿರ ಜವಳಿ ಪಾರ್ಕ್ ಬರುತ್ತಿದೆ, ಬೆಂಗಳೂರು ಬಿಟ್ಟು ವಾಪಸ್ ಹೋಗಬಹುದಾ?

ಪ್ರಶ್ನೆ: ಸರ್, ನಮ್ಮೂರು ಕಲಬುರಗಿ ತಾಲೂಕಿನಲ್ಲಿದೆ. ಹತ್ತು ವರ್ಷದ ಹಿಂದೆ ಗುಳೆ ಬಂದವನು ಬೆಂಗಳೂರಲ್ಲೇ ಉಳಿದುಕೊಂಡೆ. ಸೆಂಟ್ರಿಂಗ್ ಕೆಲಸ. ಕೆಲಸ ಇದ್ದ ದಿನ 900 ರೂಪಾಯಿ, ತಿಂಗಳಿಗೆ 20-22 ದಿನ ಸಿಗುತ್ತದೆ. ಹೆಂಡತಿ ಮನೆಯಲ್ಲೇ ಗಾರ್ಮೆಂಟ್ಸ್ ಪೀಸ್ ಕೆಲಸ ಮಾಡುತ್ತಾಳೆ, ಮಷೀನ್ ಹೊಲಿಗೆಯೂ ಬರುತ್ತದೆ. ಊರಲ್ಲಿ ಅಪ್ಪ ಎರಡು ಎಕರೆ ಲಾವಣಿಗೆ (ಗೇಣಿಗೆ) ಹಿಡಿದು ತೊಗರಿ ಬೆಳೆಯುತ್ತಾರೆ, ಅವ್ವ ಕೂಲಿಗೆ ಹೋಗುತ್ತಾಳೆ. ಈಗ ನಮ್ಮ ಕಡೆ ದೊಡ್ಡ ಜವಳಿ ಪಾರ್ಕ್ ಬರುತ್ತದೆ, ಒಂದು ಲಕ್ಷ ಜನಕ್ಕೆ ನೇರ ಕೆಲಸ, ಎರಡು ಲಕ್ಷ ಜನಕ್ಕೆ ಪರೋಕ್ಷ ಕೆಲಸ ಅಂತ ಹೇಳುತ್ತಿದ್ದಾರೆ. ಮಾವ ಫೋನ್ ಮಾಡಿ 'ಬಂದುಬಿಡ್ರಿ, 371ಜೆ ಅದ, ಇಬ್ಬರಿಗೂ ಪರ್ಮನೆಂಟ್ ನೌಕರಿ ಸಿಗ್ತದ' ಅನ್ನುತ್ತಾರೆ. ತಮ್ಮ ರಸ್ತೆ ಪಕ್ಕ ಖಾನಾವಳಿ ಹಾಕಲು ಸಾಲ ಮಾಡುವ ಯೋಚನೆಯಲ್ಲಿದ್ದಾನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮಾತ್ರ 'ಅಲ್ಲಿ ಎಲ್ಲಾ ಕಾಂಟ್ರಾಕ್ಟ್ ಕೆಲಸವೇ, ಇರೋ ಕೂಲಿಯೂ ಹೋಗುತ್ತೆ' ಅನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ಒಂದು ಮಾತು ತಪ್ಪು, ಅದನ್ನು ಮೊದಲು ಮುಗಿಸಿಬಿಡೋಣ. 371ಜೆ ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಅದು ಇರುವುದು ಸರ್ಕಾರಿ ನೌಕರಿಗೆ ಮತ್ತು ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಅದನ್ನು ತೋರಿಸಿ ಕೆಲಸ ಕೇಳಲು ಬರುವುದಿಲ್ಲ. ಸ್ಥಳೀಯರಿಗೆ ಕೆಲಸ ಕೊಡಬೇಕು ಎನ್ನುವ ಷರತ್ತು ನಮ್ಮ ರಾಜ್ಯದ ಕೈಗಾರಿಕಾ ನೀತಿಯಲ್ಲಿ ಇದೆ. ಒಟ್ಟು ಕೆಲಸದಲ್ಲಿ ಶೇ 70, ಡಿ ದರ್ಜೆಯ ಕೆಲಸದಲ್ಲಿ ಶೇ 100 ಕನ್ನಡಿಗರಿಗೆ ಎಂದು 2020-25ರ ನೀತಿ ಹೇಳಿತ್ತು. ಆದರೆ ಅದು ಸಬ್ಸಿಡಿ ತೆಗೆದುಕೊಳ್ಳುವ ಕಂಪನಿಗೆ ಹಾಕಿದ ಷರತ್ತು, ನಿಮ್ಮ ಕೈಗೆ ಕೊಟ್ಟ ಹಕ್ಕಲ್ಲ. ಅದನ್ನೇ ಕಾನೂನು ಮಾಡಲು 2024ರ ಜುಲೈನಲ್ಲಿ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಗದ್ದಲವಾಯಿತು, ತಡೆಹಿಡಿದರು. ಸ್ಥಳೀಯರಿಗೆ ಶೇ 75 ಮೀಸಲಿಟ್ಟಿದ್ದ ಹರಿಯಾಣದ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿತು.

ಹೊಲಿಗೆ ಕಾರ್ಖಾನೆಯಲ್ಲಿ ಈ ಚಿಂತೆ ಅಷ್ಟಾಗಿ ಬೇಕಾಗಿಯೂ ಇಲ್ಲ. ಸಾವಿರಾರು ಹೆಣ್ಣುಮಕ್ಕಳು ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗಬೇಕಾದ ಕೆಲಸ ಅದು. ಸುತ್ತಲಿನ ಹಳ್ಳಿಗಳಿಂದ ಜನ ಬರದಿದ್ದರೆ ಲೈನ್ ಓಡುವುದೇ ಇಲ್ಲ. ಕೆಲಸ ಊರಿನವರಿಗೆ ಸಿಗುತ್ತದೆ. ಎಂಥ ಕೆಲಸ ಸಿಗುತ್ತದೆ, ಎಷ್ಟು ದಿನ ಇರುತ್ತದೆ, ಅದಕ್ಕಾಗಿ ನೀವು ಏನನ್ನು ಬಿಟ್ಟು ಬರುತ್ತೀರಿ ಎನ್ನುವುದನ್ನು ನೋಡಬೇಕು.

ಪಾರ್ಕ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ಕಾರ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಈ ಗೆರೆಯೊಳಗೆ ಕಾರ್ಖಾನೆ ಹಾಕಿದರೆ ಜಾಗ, ನೀರು, ಕರೆಂಟು, ರಸ್ತೆ ನಾವು ಕೊಡುತ್ತೇವೆ, ಮೇಲೆ ಸಬ್ಸಿಡಿಯನ್ನೂ ಕೊಡುತ್ತೇವೆ ಅನ್ನುತ್ತದೆ. ಹಿಂದುಳಿದ ಜಾಗಕ್ಕೆ ಬಂಡವಾಳ ತಾನಾಗಿ ಬರುವುದಿಲ್ಲ, ಕರೆತರಬೇಕು ಎನ್ನುವುದು ಇದರ ಹಿಂದಿನ ಯೋಚನೆ. ತಪ್ಪು ಯೋಚನೆಯೇನಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಿಮ್ಮ ಕಲಬುರಗಿ ವಿಭಾಗದವು. ನಿಮ್ಮ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಜನ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಬೇರೆ ಪುರಾವೆ ಬೇಡ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಮಿತ್ರ ಎಂಬ ತನ್ನ ದೊಡ್ಡ ಜವಳಿ ಪಾರ್ಕ್ ಯೋಜನೆಗೆ ಏಳು ಜಾಗ ಆರಿಸಿತು. ವಿರುದುನಗರ, ವಾರಂಗಲ್, ನವಸಾರಿ, ಧಾರ್, ಲಖನೌ, ಅಮರಾವತಿ ಜೊತೆಗೆ ಕಲಬುರಗಿ. ನಿಮ್ಮಲ್ಲಿ ಸುಮಾರು 1,000 ಎಕರೆ. ಏಳೂ ಪಾರ್ಕಿಗೆ ಸೇರಿ ಇಟ್ಟ ಹಣ 4,445 ಕೋಟಿ ರೂಪಾಯಿ. ನೀವು ಕೇಳಿದ ಒಂದು ಲಕ್ಷ, ಎರಡು ಲಕ್ಷದ ಲೆಕ್ಕವೂ ಆ ಯೋಜನೆಯದೇ. ಪಾರ್ಕ್ ಪೂರ್ತಿ ತುಂಬಿದರೆ ಅಷ್ಟಾಗಬಹುದು ಎನ್ನುವ ಅಂದಾಜು ಅದು.

ಇದರಲ್ಲಿ ರಿಯಾಯಿತಿ ಸಿಗುವುದು ಜಾಗಕ್ಕೆ, ಬಂಡವಾಳಕ್ಕೆ. ಕೆಲಸದ ಭದ್ರತೆ ಗೆರೆಯೊಳಗೆ ನಿಂತ ಮಾತ್ರಕ್ಕೆ ಬರುವುದಿಲ್ಲ. ಸಂಬಳದ ಪಟ್ಟಿಯಲ್ಲಿ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು ಎಂದು ಬರೆದಿದೆಯೋ ಅದರ ಮೇಲೆ ಎಲ್ಲಾ ನಿಂತಿದೆ. ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ಕೂತು ಒಂದೇ ಅಂಗಿಯ ಕಾಲರ್ ಹೊಲಿಯುವ ಇಬ್ಬರಲ್ಲಿ ಒಬ್ಬರು ಕಂಪನಿಯವರು, ಇನ್ನೊಬ್ಬರು ಗುತ್ತಿಗೆದಾರನ ಕಡೆಯವರು ಇರಬಹುದು. ಸರ್ಕಾರ ವರ್ಷ ವರ್ಷ ನಡೆಸುವ ಕಾರ್ಖಾನೆಗಳ ಸಮೀಕ್ಷೆಯನ್ನು ನೋಡಿದರೆ, ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲೇ ಇವತ್ತು ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಗುತ್ತಿಗೆಯವರು. ಇಪ್ಪತ್ತೈದು ವರ್ಷದ ಹಿಂದೆ ಇದು ಇದರ ಅರ್ಧದಷ್ಟಿತ್ತು. ಕೃಷಿಯಲ್ಲದ ಕೆಲಸಗಳಲ್ಲಿ ತಿಂಗಳ ಸಂಬಳಕ್ಕೆ ದುಡಿಯುವವರಲ್ಲಿ ನೂರಕ್ಕೆ ಸುಮಾರು 58 ಜನರಿಗೆ ಬರಹದ ಒಪ್ಪಂದವೇ ಇಲ್ಲ ಎಂದು 2023-24ರ ಕಾರ್ಮಿಕ ಸಮೀಕ್ಷೆ ಹೇಳುತ್ತದೆ. ತಿಂಗಳ ಸಂಬಳ ಅಂದರೆ ಪರ್ಮನೆಂಟ್ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕ ಹಾಗಿಲ್ಲ. ನಿಮ್ಮ ಜೊತೆಯವರು ಹೇಳಿದ್ದರಲ್ಲಿ ಇಷ್ಟು ನಿಜ.

ಹೀಗಾಗುವುದಕ್ಕೆ ಕಂಪನಿಗಳ ಕೆಟ್ಟ ಬುದ್ಧಿ ಒಂದೇ ಕಾರಣ ಅಂದರೆ ಅದು ಸುಲಭದ ಉತ್ತರವಾಯಿತು. ಬಟ್ಟೆಯ ಆರ್ಡರ್ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಎರಡು ತಿಂಗಳು ರಾತ್ರಿ ಹಗಲು ಕೆಲಸ, ಮುಂದಿನ ತಿಂಗಳು ಮಷೀನ್ ಖಾಲಿ. ಆ ಏರಿಳಿತದ ಭಾರವನ್ನು ಯಾರಾದರೂ ಹೊರಬೇಕು. ಕಂಪನಿ ಅದನ್ನು ಗುತ್ತಿಗೆದಾರನ ಮೇಲೆ ಹಾಕುತ್ತದೆ, ಅವನು ಕೆಲಸದವರ ಮೇಲೆ ಹಾಕುತ್ತಾನೆ. ಇನ್ನೊಂದು ಕಾರಣ ಕಾನೂನಿನ ಮೆಟ್ಟಿಲುಗಳು. ಹತ್ತು ಜನ ಆದರೆ ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ), ಇಪ್ಪತ್ತು ಆದರೆ ಪಿಎಫ್ (ಭವಿಷ್ಯ ನಿಧಿ). ಆದ್ದರಿಂದ ದೊಡ್ಡ ಕಾರ್ಖಾನೆ ತನ್ನ ಕೆಲಸವನ್ನು ಒಂಬತ್ತು ಜನರ ಸಣ್ಣ ಶೆಡ್ಡುಗಳಿಗೆ ಜಾಬ್ ವರ್ಕ್ ಆಗಿ ಹಂಚಿದರೆ ಎಲ್ಲರಿಗೂ ಅನುಕೂಲ, ದುಡಿಯುವವರನ್ನು ಬಿಟ್ಟು. ಪೀಣ್ಯದ ಅಡ್ಡರಸ್ತೆಗಳಲ್ಲಿ ಓಡಾಡಿದವರಿಗೆ ಇದು ಗೊತ್ತು. ಸರ್ಕಾರವೇ ಕಟ್ಟಿದ ಕೈಗಾರಿಕಾ ಪ್ರದೇಶ ಅದು. ಆದರೂ ಅಲ್ಲಿ ನಾನು ಮಾತಾಡಿಸಿದ ಎಷ್ಟೋ ಜನರ ಹತ್ತಿರ ಸಂಬಳದ ಚೀಟಿ ಇರಲಿಲ್ಲ.

ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನಮ್ಮಲ್ಲಿ ಕನಿಷ್ಠ ವೇತನವನ್ನೂ ವಲಯದ ಪ್ರಕಾರ ನಿಗದಿ ಮಾಡುತ್ತಾ ಬಂದಿದ್ದಾರೆ. ಬೆಂಗಳೂರಿಗೆ ಒಂದು, ಜಿಲ್ಲೆಗೆ ಇನ್ನೊಂದು, ಕಡಿಮೆ. ಗಾರ್ಮೆಂಟ್ಸ್ ಕಾರ್ಖಾನೆಗಳು ಬೊಮ್ಮನಹಳ್ಳಿ ಬಿಟ್ಟು ರಾಮನಗರ, ಮದ್ದೂರು, ಹಾಸನ, ಶಿವಮೊಗ್ಗದ ಕಡೆ ಹೋದದ್ದಕ್ಕೆ ಸಬ್ಸಿಡಿ ಎಷ್ಟು ಕಾರಣವೋ ಈ ವ್ಯತ್ಯಾಸವೂ ಅಷ್ಟೇ ಕಾರಣ ಎಂದು ನನ್ನ ಅಭಿಪ್ರಾಯ. ಹಾಗಾಗಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇಷ್ಟು ಕೊಡುತ್ತಾರೆ, ಅಲ್ಲಿಯೂ ಅಷ್ಟೇ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

ಇಂಥ ನೀತಿಯಿಂದ ಕೆಲಸವೇ ಹುಟ್ಟುವುದಿಲ್ಲ ಎನ್ನುವುದೂ ತಪ್ಪು. 2003ರಲ್ಲಿ ಉತ್ತರಾಖಂಡ ಮತ್ತು ಹಿಮಾಚಲಕ್ಕೆ ಕೇಂದ್ರ ಸರ್ಕಾರ ದೊಡ್ಡ ರಿಯಾಯಿತಿ ಕೊಟ್ಟಿತು. ಹತ್ತು ವರ್ಷ ಅಬಕಾರಿ ಸುಂಕ ಇಲ್ಲ, ಮೊದಲ ಐದು ವರ್ಷ ಆದಾಯ ತೆರಿಗೆ ಇಲ್ಲ. ಪಂತನಗರ, ಹರಿದ್ವಾರದಲ್ಲಿ ಕಾರ್ಖಾನೆಗಳು ಎದ್ದವು, ಬದ್ದಿ ಔಷಧಿ ತಯಾರಿಕೆಯ ಊರಾಯಿತು. ಆಮೇಲೆ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರಿಗೆ ಕಾರ್ಖಾನೆಗಳ ಸಂಖ್ಯೆ, ಉತ್ಪಾದನೆ, ಕೆಲಸ ಮೂರೂ ಚೆನ್ನಾಗಿಯೇ ಹೆಚ್ಚಿದ್ದು ಕಂಡಿತು. ಆದರೆ ಎಲ್ಲಾ ಗೆರೆಗಳೂ ಹೀಗೆ ತುಂಬುವುದಿಲ್ಲ. ರಫ್ತಿಗೆಂದು ರಿಯಾಯಿತಿ ಕೊಟ್ಟು ಗುರುತಿಸಿದ ವಿಶೇಷ ಆರ್ಥಿಕ ವಲಯಗಳ ಬಗ್ಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2014ರಲ್ಲಿ ಕೊಟ್ಟ ವರದಿಯಲ್ಲಿ, ಅಧಿಸೂಚನೆಯಾದ ಸುಮಾರು 45,600 ಹೆಕ್ಟೇರ್‌ನಲ್ಲಿ ಕೆಲಸ ಶುರುವಾಗಿದ್ದದ್ದು 28,500 ಹೆಕ್ಟೇರಿನಲ್ಲಿ ಮಾತ್ರ. 2005ರಿಂದ ಮಂಜೂರಾದ ಹಿಂದಿನ ಜವಳಿ ಪಾರ್ಕ್‌ಗಳಲ್ಲೂ ಕೆಲವು ಅರ್ಧಕ್ಕೆ ನಿಂತವು, ಕೆಲವು ರದ್ದಾದವು. ಆದ್ದರಿಂದ ಎಷ್ಟು ಕೋಟಿಯ ಒಪ್ಪಂದಕ್ಕೆ ಸಹಿ ಬಿತ್ತು ಎಂದು ಓದಿ ಟ್ರೈನ್ ಹತ್ತಬೇಡಿ. ಎಷ್ಟು ಶೆಡ್ಡಿನಲ್ಲಿ ಮಷೀನ್ ಓಡುತ್ತಿದೆ, ಯಾವ ಹಳ್ಳಿಗೆ ಕಂಪನಿ ಬಸ್ ಬರುತ್ತಿದೆ ಎಂದು ತಮ್ಮನಿಗೆ ಹೋಗಿ ನೋಡಿಬರಲು ಹೇಳಿ.

ಇನ್ನು 'ಎರಡು ಲಕ್ಷ ಪರೋಕ್ಷ ಕೆಲಸ' ಅನ್ನುವ ಮಾತು. ಇದು ನಿಮ್ಮ ಮನೆಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಪರೋಕ್ಷ ಕೆಲಸ ಅಂದರೆ ಖಾನಾವಳಿ, ಚಹಾ ಅಂಗಡಿ, ಆಟೋ, ಟಂಟಂ, ಬಾಡಿಗೆ ಕೋಣೆ, ಲೋಡಿಂಗ್ ಅನ್‌ಲೋಡಿಂಗ್ ಹಮಾಲಿ, ಚಿಂದಿ ಬಟ್ಟೆ ಆರಿಸುವುದು, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಮನೆಗೆ ಕೊಟ್ಟು ಮಾಡಿಸುವ ಪೀಸ್ ಕೆಲಸ. ಇದರಲ್ಲಿ ಪಿಎಫ್ ಇರುವ ಕೆಲಸ ಎಷ್ಟು ಅಂತ ನೀವೇ ಎಣಿಸಿ. ಸರ್ಕಾರದ ಅಂದಾಜಿನಲ್ಲೇ ಒಂದು ನೇರ ಕೆಲಸಕ್ಕೆ ಎರಡು ಪರೋಕ್ಷ ಕೆಲಸ. ಅಂದರೆ ಪಾರ್ಕ್ ಚೆನ್ನಾಗಿ ನಡೆದರೂ ಅಲ್ಲಿ ಹುಟ್ಟುವ ಕೆಲಸದಲ್ಲಿ ಬಹುಪಾಲು ನೀವು ಈಗ ಮಾಡುತ್ತಿರುವಂಥದ್ದೇ, ಕಾಗದವಿಲ್ಲದ ಕೆಲಸ. ನಿಮ್ಮ ಹೆಂಡತಿ ಬೆಂಗಳೂರಿನಲ್ಲಿ ಮಾಡುವ ಪೀಸ್ ಕೆಲಸ ಇದೆಯಲ್ಲ, ಅದು ಯಾವುದೋ ದೊಡ್ಡ ಕಾರ್ಖಾನೆಯ ರಫ್ತಿನ ಲೆಕ್ಕದೊಳಗೆ ಸೇರಿರುತ್ತದೆ. ಸಂಬಳದ ಲೆಕ್ಕದೊಳಗೆ ಮಾತ್ರ ಸೇರಿರುವುದಿಲ್ಲ. ಕೈಗಾರಿಕೆ ಬಂದರೆ ಅಸಂಘಟಿತ ಕೆಲಸ ಕರಗಿಹೋಗುತ್ತದೆ ಎಂದು ಪಠ್ಯಪುಸ್ತಕ ಓದಿದವರು ಹೇಳುತ್ತಾರೆ. ನಮ್ಮಂಥ ದೇಶಗಳಲ್ಲಿ ನಾನು ಕಂಡಿರುವುದು ಎರಡೂ ಕೈಕೈ ಹಿಡಿದು ಬೆಳೆಯುವುದನ್ನು.

ಹಾಗಂತ ಅದು ಕೆಟ್ಟದ್ದೇ ಎಂದು ನಾನು ಹೇಳುತ್ತಿಲ್ಲ. ಇಥಿಯೋಪಿಯಾದಲ್ಲಿ ನಡೆದ ಒಂದು ಪ್ರಯೋಗ ನನಗೆ ಯಾವಾಗಲೂ ನೆನಪಾಗುತ್ತದೆ. ಅಲ್ಲಿ ಐದು ಕಂಪನಿಗಳಿಗೆ ಕೆಲಸ ಕೇಳಿಕೊಂಡು ಬಂದ ಸುಮಾರು ಸಾವಿರ ಜನರನ್ನು ಬ್ಲಾಟ್‌ಮನ್ ಮತ್ತು ಡೆರ್ಕಾನ್ ಎಂಬ ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕಾರ್ಖಾನೆ ಕೆಲಸ. ಇನ್ನೊಂದಕ್ಕೆ ಸಣ್ಣ ವ್ಯಾಪಾರ ಮಾಡಲು ಸುಮಾರು 300 ಡಾಲರ್ ಮತ್ತು ಸ್ವಲ್ಪ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ಒಂದು ವರ್ಷದ ನಂತರ ನೋಡಿದರೆ ಕಾರ್ಖಾನೆ ಕೆಲಸ ಸಿಕ್ಕವರ ಆದಾಯ ಏನೂ ಸಿಗದವರಿಗಿಂತ ಹೆಚ್ಚೇನೂ ಇರಲಿಲ್ಲ, ಗಂಭೀರ ಆರೋಗ್ಯದ ತೊಂದರೆ ಮಾತ್ರ ಜಾಸ್ತಿಯಾಗಿತ್ತು. ಅವರಲ್ಲಿ ನೂರಕ್ಕೆ 77 ಜನ ವರ್ಷದೊಳಗೆ ಕೆಲಸ ಬಿಟ್ಟಿದ್ದರು. ದುಡ್ಡು ಸಿಕ್ಕ ಗುಂಪಿನ ಗಳಿಕೆ ಶೇ 33 ಹೆಚ್ಚಿತ್ತು. ಅಸಂಘಟಿತ ಕೆಲಸದಲ್ಲಿ ಇರುವವರೆಲ್ಲ ಕಾರ್ಖಾನೆ ಸಿಕ್ಕರೆ ಸಾಕು ಎಂದು ಕಾಯುತ್ತಿರುತ್ತಾರೆ ಎನ್ನುವ ನಂಬಿಕೆಗೆ ಇದು ಚೆನ್ನಾಗಿಯೇ ಪೆಟ್ಟು ಕೊಟ್ಟಿತು. ಜನ ಕಾರ್ಖಾನೆ ಕೆಲಸವನ್ನು ಬೇರೇನೂ ಸಿಗದಾಗ ಹಿಡಿದುಕೊಳ್ಳುವ ಆಸರೆಯಾಗಿ ಬಳಸಿದರು, ಒಳ್ಳೆಯದು ಸಿಕ್ಕ ಕೂಡಲೇ ಬಿಟ್ಟರು.

ಈ ಪ್ರಯೋಗದ ಮುಂದಿನ ಭಾಗವನ್ನೂ ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಐದು ವರ್ಷದ ನಂತರ ಅದೇ ಜನರನ್ನು ಹುಡುಕಿ ಮಾತಾಡಿಸಿದಾಗ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ವ್ಯಾಪಾರದ ಲಾಭವೂ ಕರಗಿತ್ತು, ಕಾರ್ಖಾನೆಯ ನಷ್ಟವೂ ಕರಗಿತ್ತು.

ಅದೇ ದೇಶದ ಹವಾಸಾ ಎಂಬ ಊರಿನಲ್ಲಿ 2016ರಲ್ಲಿ ದೊಡ್ಡ ಜವಳಿ ಪಾರ್ಕ್ ಶುರುವಾಯಿತು. 2019ರ ಹೊತ್ತಿಗೆ ಅಲ್ಲಿನ ಮೂಲ ಸಂಬಳ ತಿಂಗಳಿಗೆ 26 ಡಾಲರ್. ಹಳ್ಳಿಯಿಂದ ಬಂದ ಹುಡುಗಿಯರಿಗೆ ಕೋಣೆ ಬಾಡಿಗೆ, ಊಟಕ್ಕೇ ಅದು ಸಾಲುತ್ತಿರಲಿಲ್ಲ, ಬಂದವರು ಬಂದ ಹಾಗೆ ಬಿಟ್ಟು ಹೋಗುತ್ತಿದ್ದರು. ಆಮೇಲೆ ಅಲ್ಲಿನ ಟಿಗ್ರೇ ಪ್ರಾಂತ್ಯದ ಯುದ್ಧದ ಕಾರಣಕ್ಕೆ ಅಮೆರಿಕ ಇಥಿಯೋಪಿಯಾಕ್ಕೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನು 2022ರ ಜನವರಿ 1ರಿಂದ ತೆಗೆಯಿತು. ಒಂದು ದೊಡ್ಡ ಕಂಪನಿ ಅದಕ್ಕೂ ಮೊದಲೇ ಬಾಗಿಲು ಹಾಕಿಕೊಂಡು ಹೋಯಿತು. ಇದು ದೂರದ ಕಥೆ ಅನ್ನಿಸಬೇಡ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ತಮಿಳುನಾಡಿನ ಬಟ್ಟೆ ರಫ್ತಿನ ಊರು ತಿರುಪ್ಪೂರಿನ ಆರ್ಡರ್‌ಗಳೂ ಅಲುಗಾಡಿದವು. ಒಂದೇ ಸರಕನ್ನು ಒಂದೇ ದೇಶಕ್ಕೆ ಕಳಿಸುವ ಪಾರ್ಕಿನಲ್ಲಿ ಕೆಲಸ ಯಾವತ್ತೂ ಅಷ್ಟು ಗಟ್ಟಿ ಇರುವುದಿಲ್ಲ.

ಈಗ ನಿಮ್ಮ ಅಪ್ಪ ಅವ್ವನ ವಿಷಯಕ್ಕೆ ಬರುತ್ತೇನೆ. ನೀವು ಅವರನ್ನು ಪ್ರಶ್ನೆಯಲ್ಲಿ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ, ಆದರೆ ಪಾರ್ಕಿನ ಪರಿಣಾಮ ಮೊದಲು ತಟ್ಟುವುದು ಅವರಿಗೆ. ಜಮೀನು ಹೋದಾಗ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಬಾಯಿಮಾತಿನ ಲಾವಣಿಗೆ ಹಿಡಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಗೇಣಿದಾರರನ್ನೂ ಆ ಜಮೀನು ನಂಬಿ ಬದುಕುವ ಕೂಲಿಗಳನ್ನೂ ಬಾಧಿತ ಕುಟುಂಬ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಸ್ವಾಧೀನದ ಮೊದಲು ಮೂರು ವರ್ಷ ಅದರಿಂದಲೇ ಬದುಕುತ್ತಿದ್ದೆವು ಎಂದು ತೋರಿಸಬೇಕು. ಬಾಯಿಮಾತಿನಲ್ಲಿ ತೋರಿಸುವುದು ಹೇಗೆ? ಮೇಲಾಗಿ ನಮ್ಮಲ್ಲಿ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಆ ಕಾಯ್ದೆಯಡಿ ಅಲ್ಲ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) 1966ರ ಕಾಯ್ದೆಯಡಿ. ಅಪ್ಪ ಹಿಡಿದಿರುವ ಹೊಲ ಪಾರ್ಕಿನ ಗೆರೆಯೊಳಗೆ ಇಲ್ಲದಿದ್ದರೂ ಬೆಲೆ ಏರಿದ ಮೇಲೆ ಮಾಲೀಕರು ಅದನ್ನು ಮಾರುವ ಅಥವಾ ಪ್ಲಾಟ್ ಮಾಡುವ ಯೋಚನೆ ಮಾಡುತ್ತಾರೆ. ಆಗ ಲಾವಣಿ ಹೋಗುತ್ತದೆ. ಇದು ಪಾರ್ಕಿನ ಲಾಭ ನಷ್ಟದ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮಾಲೀಕರ ಜೊತೆ ಸಂಬಂಧ ಚೆನ್ನಾಗಿದ್ದರೆ ಅಪ್ಪ ಆ ಹೊಲ ಮಾಡುತ್ತಿದ್ದಾರೆ ಎನ್ನುವುದಕ್ಕೆ ಈಗಲೇ ಏನಾದರೂ ಬರಹದ ದಾಖಲೆ ಮಾಡಿಕೊಳ್ಳಲು ನೋಡಿ. ಅವರು ಹಿಂದೇಟು ಹಾಕುವ ಸಾಧ್ಯತೆ ಇದೆ, ಒತ್ತಾಯ ಮಾಡಿದರೆ ಹೊಲವೇ ಕೈತಪ್ಪಬಹುದು. ಆದ್ದರಿಂದ ಇದನ್ನು ಅಪ್ಪನೇ ಅಂದಾಜು ಮಾಡಬೇಕು.

ಅವ್ವನ ವಿಷಯ ಬೇರೆ. ಕಾರ್ಖಾನೆಗೆ ಹುಡುಗಿಯರು ಹೊರಟರೆ ಹೊಲಕ್ಕೆ ಆಳು ಸಿಗುವುದಿಲ್ಲ, ಕೂಲಿ ಏರುತ್ತದೆ. ನಮ್ಮ ದೇಶದ ವಿಶೇಷ ಆರ್ಥಿಕ ವಲಯಗಳ ಸುತ್ತ ಲೆಕ್ಕ ತೆಗೆದ ಒಂದು ಅಧ್ಯಯನದಲ್ಲಿ ಸುಮಾರು 10 ಕಿಲೋಮೀಟರ್‌ವರೆಗೆ ಕಾರ್ಖಾನೆ ಮತ್ತು ಅಂಗಡಿ ಮುಂಗಟ್ಟಿನ ಕೆಲಸ ಹೆಚ್ಚಿದ್ದು, ಹೊಲದ ಕೆಲಸ, ಅದರಲ್ಲೂ ಹೆಂಗಸರ ಹೊಲದ ಕೆಲಸ ಕಡಿಮೆಯಾದದ್ದು ಕಂಡಿತು. ಕಾರ್ಖಾನೆಗೆ ಕಾಲಿಡದ ನಿಮ್ಮ ಅವ್ವನಿಗೂ ಅದರಿಂದ ನಾಲ್ಕು ಕಾಸು ಹೆಚ್ಚು ಸಿಗುವ ಸಾಧ್ಯತೆ ಇದೆ. ಪಾರ್ಕಿನ ಪರವಾಗಿ ನಾನು ಹೇಳುವ ಅತಿ ಗಟ್ಟಿ ಮಾತು ಇದೇ: ಹತ್ತಿರದಲ್ಲಿ ಇನ್ನೊಂದು ಕೆಲಸ ಇದೆ ಅಂದಾಗ ಸಾಹುಕಾರನ ಮಾತಿನ ವರಸೆಯೇ ಬದಲಾಗುತ್ತದೆ. ನಿಮ್ಮ ಊರು ಆ ಹತ್ತು ಕಿಲೋಮೀಟರಿನ ಒಳಗಿದೆಯೋ ಹೊರಗಿದೆಯೋ ನೋಡಿಕೊಳ್ಳಿ. ಐವತ್ತು ಕಿಲೋಮೀಟರ್ ಆಚೆ ಇದ್ದರೆ ನಿಮಗೆ ಅದು ಇನ್ನೊಂದು ಬೆಂಗಳೂರು ಅಷ್ಟೇ, ಮತ್ತೆ ಕೋಣೆ ಬಾಡಿಗೆ ಕಟ್ಟಬೇಕು.

ದುಡ್ಡಿನ ಲೆಕ್ಕ ಮಾಡೋಣ. ನಿಮಗೆ ಈಗ ತಿಂಗಳಿಗೆ 18,000ದಿಂದ 19,800 ಬರುತ್ತದೆ, ಮಳೆಗಾಲದಲ್ಲಿ ಕಡಿಮೆ. ಮಾತಿಗೆ ಪಾರ್ಕಿನಲ್ಲಿ ಟೈಲರ್ ಸಂಬಳ 13,000 ಅಂತ ಇಟ್ಟುಕೊಳ್ಳಿ. ಅದರಲ್ಲಿ ಪಿಎಫ್ ಶೇ 12 ಅಂದರೆ 1,560, ಇಎಸ್ಐ ಶೇ 0.75 ಅಂದರೆ ಸುಮಾರು 98 ಕಡಿತವಾಗಿ ಕೈಗೆ 11,342 ಬರುತ್ತದೆ. ಕಡಿಮೆ ಅನ್ನಿಸುತ್ತದೆ. ಆದರೆ ಪಿಎಫ್‌ಗೆ ಕಂಪನಿಯೂ ಶೇ 12 ಹಾಕುತ್ತದೆ, ಒಂದು ಭಾಗ ಪಿಂಚಣಿ ಖಾತೆಗೆ ಹೋಗುತ್ತದೆ. ಇಎಸ್ಐಗೆ ಶೇ 3.25 ಹಾಕುತ್ತದೆ. ನಿಮ್ಮ ಕಡೆ ಇಎಸ್ಐ ಕಾರ್ಡಿಗೆ ಬೆಲೆ ಜಾಸ್ತಿ, ಯಾಕೆಂದರೆ ಕಲಬುರಗಿಯಲ್ಲಿ ಇಎಸ್ಐನದೇ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮನೆಯಲ್ಲಿ ವಯಸ್ಸಾದ ಅಪ್ಪ ಅವ್ವ ಇದ್ದಾಗ ಒಂದು ಆಪರೇಷನ್ ಎಷ್ಟು ವರ್ಷದ ದುಡಿಮೆ ತಿನ್ನುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪಿಎಫ್ ಅಂದರೆ ಏನು ಅಂತ ತಿಳಿಯಬೇಕಾದರೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ, ನೀವು ಆಗ ಬೆಂಗಳೂರಲ್ಲೇ ಇದ್ದಿರಬೇಕು. ಪಿಎಫ್ ಹಣ ವಾಪಸ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಸರ್ಕಾರ ಎರಡೇ ದಿನಕ್ಕೆ ಹಿಂದೆ ಸರಿಯಿತು. ಅವರಿಗೆ ಅದು ನಿವೃತ್ತಿಯ ದುಡ್ಡಲ್ಲ. ಮಗಳ ಮದುವೆ, ಮಗನ ಫೀಸು, ಊರ ಸಾಲ ಎಲ್ಲಾ ಅದರಲ್ಲೇ ಆಗಬೇಕಿತ್ತು.

ಹಾಗಾದರೆ ಏನು ಮಾಡಬಹುದು? ಇಬ್ಬರೂ ಒಟ್ಟಿಗೆ ಬೆಂಗಳೂರು ಬಿಡುವುದನ್ನು ನಾನು ಬೇಡ ಅನ್ನುತ್ತೇನೆ. ನಿಮ್ಮ ಕೈಕಸುಬಿಗೆ ಜವಳಿ ಪಾರ್ಕಿನಲ್ಲಿ ಜಾಗ ಕಡಿಮೆ. ಶೆಡ್ ಕಟ್ಟುವವರೆಗೆ ಸೆಂಟ್ರಿಂಗ್‌ನವರಿಗೆ ಸುಗ್ಗಿ, ಆಮೇಲೆ ನಿಮಗೆ ಸಿಗುವುದು ಲೋಡಿಂಗ್ ಅಥವಾ ಸೆಕ್ಯೂರಿಟಿ, ಎರಡೂ ಗುತ್ತಿಗೆಯವು. ಕಟ್ಟುವ ಕಾಲಕ್ಕೆ ಊರಲ್ಲೇ ಕೆಲಸ ಸಿಕ್ಕರೆ ಖಂಡಿತ ಹೋಗಿ, ಆದರೆ ಅದನ್ನು ಪರ್ಮನೆಂಟ್ ಅಂದುಕೊಳ್ಳಬೇಡಿ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ನವೀಕರಣ ತಪ್ಪಿಸಬೇಡಿ, ರಾಜ್ಯದ ಯಾವ ಜಿಲ್ಲೆಯಲ್ಲಿದ್ದರೂ ಕಾರ್ಡ್ ಕೊಡುವ ಕಲ್ಯಾಣ ಮಂಡಳಿ ಅದೇ. ಇಲ್ಲದಿದ್ದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು ಮಾಡಿಸಿಕೊಳ್ಳಿ.

ಹೋಗುವುದಾದರೆ ಮೊದಲು ಹೋಗಬೇಕಾದವರು ನಿಮ್ಮ ಹೆಂಡತಿ. ಮಷೀನ್ ಹೊಲಿಗೆ ಬರುವವರಿಗೆ ಅಲ್ಲಿ ಬೇಡಿಕೆ, ಈಗಿನ ಪೀಸ್ ಕೆಲಸಕ್ಕಿಂತ ಅದು ನಿಜವಾಗಿಯೂ ಮೇಲು. ಆದರೆ ಇದರ ಕಷ್ಟವೂ ತಿಳಿದಿರಲಿ. ದಿನವಿಡೀ ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಬೆನ್ನು ನೋವು, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆ. ಮನೆಯಲ್ಲಿ ಹೊಲಿಯುವಾಗ ಇದ್ದ ಸ್ವಾತಂತ್ರ್ಯ ಇರುವುದಿಲ್ಲ. ಅವರನ್ನು ಕೂರಿಸಿಕೊಂಡು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಮಾವ, ತಮ್ಮ, ಜೊತೆಯವರು ಎಲ್ಲರೂ ಮಾತಾಡಿದ್ದಾರೆ, ನಿಮ್ಮ ಹೆಂಡತಿಯ ಮಾತು ಮಾತ್ರ ಕಾಣಲಿಲ್ಲ.

ಸೇರುವ ದಿನವೇ ನೇಮಕಾತಿ ಪತ್ರ ಕೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಕೊಡಲೇಬೇಕಾದದ್ದು. ಅದರಲ್ಲಿ ಯಾರ ಹೆಸರಿದೆ, ಕಂಪನಿಯದೋ ಗುತ್ತಿಗೆದಾರನದೋ ನೋಡಿ. ನಿಗದಿತ ಅವಧಿಯ ಕೆಲಸ ಎಂದಿದ್ದರೆ ಹೆದರಬೇಕಿಲ್ಲ, ಅಂಥವರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಲೆಕ್ಕ ಇದೆ. ಗುತ್ತಿಗೆದಾರನ ಹೆಸರಿದ್ದರೆ ತಿಂಗಳು ತಿಂಗಳು ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ನೋಡಬೇಕು. ಸಂಬಳದಲ್ಲಿ ಹಿಡಿದು ಖಾತೆಗೆ ಕಟ್ಟದ ಗುತ್ತಿಗೆದಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವನು ಕಟ್ಟದಿದ್ದರೆ ಮೂಲ ಕಂಪನಿಯೇ ಹೊಣೆ, ಕಾನೂನು ಹಾಗೇ ಇದೆ. ಆದರೆ ಎರಡು ತಿಂಗಳಲ್ಲಿ ಕೇಳಿದರೆ ಸಿಗುವ ಉತ್ತರ ಎರಡು ವರ್ಷದ ಮೇಲೆ ಕೇಳಿದರೆ ಸಿಗುವುದಿಲ್ಲ. ಮೊದಲೇ ಯುಎಎನ್ (ಕೆಲಸ ಬದಲಾದರೂ ಉಳಿಯುವ ಪಿಎಫ್) ನಂಬರ್ ಇದ್ದರೆ ಅದನ್ನೇ ಮುಂದುವರಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಪ್ರತಿ ಕಾರ್ಖಾನೆಯಲ್ಲೂ ಹೊಸ ನಂಬರ್ ಮಾಡಿಸಿದರೆ ಆ ಹತ್ತು ವರ್ಷ ತುಂಬುವುದೇ ಇಲ್ಲ. ಆರು ತಿಂಗಳು ಹೀಗೆ ನಡೆಯಲಿ, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆಯೋ, ಅವರ ಆರೋಗ್ಯ ಹೇಗಿದೆಯೋ ನೋಡಿಕೊಂಡು ನಿಮ್ಮ ನಿರ್ಧಾರ ಮಾಡಿ.

ಮನೆಯಲ್ಲೇ ನಾಲ್ಕೈದು ಮಷೀನ್ ಹಾಕಿ ಜಾಬ್ ವರ್ಕ್ ಮಾಡೋಣ ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ಒಬ್ಬನೇ ಗಿರಾಕಿಯನ್ನು ನಂಬಿ ಸಾಲ ಮಾಡುವುದು ಅಪಾಯ, ಅವನು ಬಿಲ್ ತಡೆಹಿಡಿದರೆ ನಿಮ್ಮ ಕೆಲಸದವರಿಗೆ ನೀವೇ ಸಾಲಗಾರರಾಗುತ್ತೀರಿ. ಮಾಡಿದರೂ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡು ಮಾಡಿ. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನಿನ ಬೆಂಬಲ ಆಗ ಮಾತ್ರ ಸಿಗುತ್ತದೆ.

ಕೊನೆಗೆ ತಮ್ಮನ ಖಾನಾವಳಿ. ಇದು ಕೆಟ್ಟ ಯೋಚನೆಯಲ್ಲ, ಸಮಯ ಮಾತ್ರ ತಪ್ಪು. ಪಾರ್ಕಿನಲ್ಲಿ ಮೊದಲು ಬರುವವರು ಕಟ್ಟಡದ ಕೆಲಸದವರು, ಅವರು ಗುತ್ತಿಗೆದಾರ ಬದಲಾದ ದಿನ ಉದ್ರಿ ಉಳಿಸಿ ಹೋಗುತ್ತಾರೆ. ಆಮೇಲೆ ಬರುವವರು ಡಬ್ಬಿ ಕಟ್ಟಿಕೊಂಡು ಬರುವ ಹೆಂಗಸರು, ಅವರು ಖಾನಾವಳಿಗೆ ಬರುವುದಿಲ್ಲ. ನಿಜವಾದ ಗಿರಾಕಿ ಅಂದರೆ ಲಾರಿ ಡ್ರೈವರ್‌ಗಳು, ಹೊರ ಊರಿನ ಮೆಕ್ಯಾನಿಕ್‌ಗಳು, ಕೋಣೆ ಮಾಡಿಕೊಂಡು ಇರುವ ಹುಡುಗರು. ಅವರು ಬರುವುದು ಕಾರ್ಖಾನೆ ಓಡಲು ಶುರುವಾದ ಮೇಲೆ. ರಸ್ತೆ ಬದಿ ಪಕ್ಕಾ ಶೆಡ್ ಹಾಕಬೇಡಿ. ಪಾರ್ಕಿನ ಕೂಡುರಸ್ತೆ ಒಂದಲ್ಲ ಒಂದು ದಿನ ಅಗಲ ಆಗೇ ಆಗುತ್ತದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ, ನಗರಗಳಿಗಾಗಿ ಮಾಡಿದ್ದು, ಹಳ್ಳಿ ರಸ್ತೆಯಲ್ಲಿ ತೆರವಿಗೆ ಬಂದರೆ ತೋರಿಸಲು ಕಾಗದ ಇರುವುದಿಲ್ಲ. ತಳ್ಳುವ ಬಂಡಿಯಲ್ಲೋ ಹಳೆಯ ಟಾಟಾ ಏಸ್‌ನಲ್ಲೋ ರೊಟ್ಟಿ ಪಲ್ಯ ಶುರು ಮಾಡಲಿ. ಬಡ್ಡಿ ಸಾಲ ಮಾತ್ರ ಬೇಡ. ಉದ್ರಿಯನ್ನು ಒಬ್ಬರಿಗೆ ಒಂದು ವಾರಕ್ಕಿಂತ ಹೆಚ್ಚು ಬಿಡಬೇಡ ಎಂದು ಹೇಳಿ. ಗೇಟಿನ ಮುಂದೆ ದಿನಕ್ಕೆ ಎಷ್ಟು ಲಾರಿ ನಿಲ್ಲುತ್ತವೆ ಎಂದು ಒಂದು ತಿಂಗಳು ಎಣಿಸಲಿ, ಮಳಿಗೆಯ ಬಾಡಿಗೆ ಮಾತುಕತೆ ಅದಾದ ಮೇಲೆ.